ಗಡಿ ಮುಚ್ಚಿದ ಮೇಲೂ ನಿಲ್ಲದ ಕಂತು: ಕಾಂಬೋಡಿಯಾದ ಬಡತನಕ್ಕೆ ಯುದ್ಧವೊಂದೇ ಕಾರಣವೇ?

2025ರ ಜುಲೈ 24ರಂದು ಥಾಯ್ಲೆಂಡ್ ಮತ್ತು ಕಾಂಬೋಡಿಯಾದ ಸೇನೆಗಳ ನಡುವೆ ಗಡಿಯಲ್ಲಿ ಕಾಳಗ ಶುರುವಾದಾಗ ಹೊರಜಗತ್ತಿನ ಕಣ್ಣು ಹೋದದ್ದು ಹಳೆಯ ಶಿವಾಲಯಗಳ ಒಡೆತನದ ವ್ಯಾಜ್ಯದ ಮೇಲೆ ಮತ್ತು ಫ್ರೆಂಚರ ಕಾಲದ ಗಡಿನಕ್ಷೆಗಳ ಮೇಲೆ. ಐದು ದಿನಗಳಲ್ಲಿ ಮಲೇಷ್ಯಾದ ಮಧ್ಯಸ್ಥಿಕೆಯಿಂದ ಕದನವಿರಾಮ ಬಂತು. ಅಕ್ಟೋಬರ್ 26ರಂದು ಕ್ವಾಲಾಲಂಪುರದಲ್ಲಿ ಎರಡೂ ದೇಶಗಳು ಒಪ್ಪಂದಕ್ಕೆ ಸಹಿ ಹಾಕಿದವು. ಡಿಸೆಂಬರ್‌ನಲ್ಲಿ ಆ ಸಹಿಗೆ ಬೆಲೆಯೇ ಇಲ್ಲವೆಂಬಂತೆ ಮತ್ತೆ ಸುಮಾರು ಮೂರು ವಾರ ಕಾದಾಡಿ, 27ರಂದು ಇನ್ನೊಮ್ಮೆ ಗುಂಡು ನಿಲ್ಲಿಸಿದವು. ಈ ಗದ್ದಲದ ನಡುವೆ ಒಂದು ಅಂಕಿ ಹೆಚ್ಚು ಚರ್ಚೆಯಾಗದೆ ಹಾದುಹೋಯಿತು. ಥಾಯ್ಲೆಂಡಿನಲ್ಲಿ ದುಡಿಯುತ್ತಿದ್ದ ಒಂಬತ್ತು ಲಕ್ಷಕ್ಕೂ ಹೆಚ್ಚು ಮಂದಿ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಮರಳಿದ್ದಾರೆ ಎಂದು ಕಾಂಬೋಡಿಯಾ ಸರ್ಕಾರ ಹೇಳಿತು. ಆ ದೇಶದ ಜನಸಂಖ್ಯೆ ಸುಮಾರು 1.7 ಕೋಟಿ. ಹೆಚ್ಚುಕಡಿಮೆ ಇಪ್ಪತ್ತು ಜನರಲ್ಲಿ ಒಬ್ಬರು ಕೆಲವೇ ತಿಂಗಳುಗಳಲ್ಲಿ ಕೆಲಸ ಕಳೆದುಕೊಂಡು ಹಿಂದಿರುಗಿದರು ಎಂದು ಇದರ ಅರ್ಥ.

ಗೊಂದಲ ಹುಟ್ಟುವುದು ಇಲ್ಲಿಯೇ. 1990ರ ದಶಕದ ಕೊನೆಯಿಂದ ಕೋವಿಡ್ ಬರುವವರೆಗೆ ಕಾಂಬೋಡಿಯಾದ ಆರ್ಥಿಕತೆ ವರ್ಷಕ್ಕೆ ಸರಾಸರಿ ಶೇ 7ಕ್ಕೂ ಹೆಚ್ಚು ವೇಗದಲ್ಲಿ ಬೆಳೆಯಿತು. ವಿಶ್ವಸಂಸ್ಥೆಯ ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ 2029ರ ಡಿಸೆಂಬರ್‌ನಲ್ಲಿ ಅದು ಹೊರಬರಲಿದೆ. ಹೀಗೆ ಏಳಿಗೆ ಕಂಡ ದೇಶದ ಇಷ್ಟೊಂದು ಜನ, ತಮ್ಮ ಸರ್ಕಾರ ಶತ್ರುವೆಂದು ಬಗೆಯುವ ನೆರೆಯ ದೇಶದ ಕಟ್ಟಡಗಳಲ್ಲಿ, ಕಬ್ಬಿನ ಗದ್ದೆಗಳಲ್ಲಿ, ಮೀನುಗಾರಿಕೆಯ ದೋಣಿಗಳಲ್ಲಿ ಕೂಲಿಗೆ ನಿಂತದ್ದೇಕೆ? ಮರಳಿ ಬಂದವರ ಸಾಲದ ಕಂತುಗಳನ್ನು ಮುಂದೂಡಿ ಎಂದು ಹಣಕಾಸು ಸಂಸ್ಥೆಗಳನ್ನು ಕೇಳಿಕೊಳ್ಳುವ ಸ್ಥಿತಿ ಬಂದದ್ದೇಕೆ?

ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ಪೋಲ್ ಪಾಟ್, ಯುದ್ಧ, ನರಮೇಧ. ಆ ಉತ್ತರ ಸುಳ್ಳಲ್ಲ. ಆದರೆ ಅರ್ಧ ಶತಮಾನದ ಹಿಂದಿನ ಘಟನೆಯೊಂದು ಇಂದಿನ ಮನೆಯ ಅಡುಗೆ ಒಲೆಯವರೆಗೆ ಬರಬೇಕಾದರೆ ಅದಕ್ಕೊಂದು ದಾರಿ ಬೇಕು. ಆ ದಾರಿಯನ್ನು ಗುರುತಿಸದೆ ಯುದ್ಧದ ಹೆಸರು ಹೇಳುವುದು, ಕಾಯಿಲೆಗೆ ಹಣೆಬರಹವೇ ಕಾರಣ ಎಂದಂತೆ.

ನಾಲ್ಕು ವರ್ಷಗಳಲ್ಲಿ ಅಳಿಸಿಹೋದದ್ದು

1969ರಿಂದ 1973ರ ಆಗಸ್ಟ್‌ವರೆಗೆ ಅಮೆರಿಕದ ವಿಮಾನಗಳು ಕಾಂಬೋಡಿಯಾದ ಮೇಲೆ ಐದು ಲಕ್ಷ ಟನ್ನಿಗೂ ಹೆಚ್ಚು ಬಾಂಬು ಸುರಿದವು. 1970ರ ಮಾರ್ಚ್‌ನಲ್ಲಿ ರಾಜವಂಶದ ಸಿಹಾನೂಕ್ ಅವರನ್ನು ಪದಚ್ಯುತಗೊಳಿಸಿ ದಂಡನಾಯಕ ಲಾನ್ ನಾಲ್ ಅಧಿಕಾರಕ್ಕೆ ಬಂದ ಮೇಲೆ ಅಂತರ್ಯುದ್ಧ ಪೂರ್ಣ ಪ್ರಮಾಣಕ್ಕೇರಿತು. 1975ರ ಏಪ್ರಿಲ್ 17ರಂದು ಪೋಲ್ ಪಾಟ್ ನೇತೃತ್ವದ ಕಮ್ಯುನಿಸ್ಟ್ ಬಂಡುಕೋರರಾದ ಖ್ಮೇರ್ ರೂಜ್ ಪಡೆಗಳು ರಾಜಧಾನಿ ನಾಮ್‌ಪೆನ್ ನಗರವನ್ನು ಹೊಕ್ಕು, ಸುಮಾರು ಇಪ್ಪತ್ತು ಲಕ್ಷ ಜನರನ್ನು ಹಳ್ಳಿಗಳತ್ತ ಅಟ್ಟಿದವು. ಹಣ, ಮಾರುಕಟ್ಟೆ, ಶಾಲೆ, ಬೌದ್ಧ ವಿಹಾರ, ಖಾಸಗಿ ಆಸ್ತಿ ಎಲ್ಲವನ್ನೂ ಆ ಆಡಳಿತ ರದ್ದುಮಾಡಿತು. ಕೇಂದ್ರ ಬ್ಯಾಂಕಿನ ಕಟ್ಟಡವನ್ನೇ ಸಿಡಿಸಿಹಾಕಿತು. 1979ರ ಜನವರಿ 7ರಂದು ವಿಯೆಟ್ನಾಮಿನ ಸೇನೆ ರಾಜಧಾನಿಯನ್ನು ವಶಪಡಿಸಿಕೊಳ್ಳುವ ಹೊತ್ತಿಗೆ ಸುಮಾರು 17ರಿಂದ 20 ಲಕ್ಷ ಜನ ಹಸಿವು, ರೋಗ, ಅತಿ ದುಡಿಮೆ ಮತ್ತು ಕೊಲೆಗಳಿಂದ ಸತ್ತಿದ್ದರು. ಅದು ಅಂದಿನ ಜನಸಂಖ್ಯೆಯ ಐದನೇ ಒಂದರಿಂದ ನಾಲ್ಕನೇ ಒಂದು ಪಾಲು.

ಸಾವಿನ ಲೆಕ್ಕವನ್ನು ಎಲ್ಲರೂ ಹೇಳುತ್ತಾರೆ. ಈ ಲೇಖನದ ಮಟ್ಟಿಗೆ ಅದರಷ್ಟೇ ಮುಖ್ಯವಾದದ್ದು ಅಳಿದುಹೋದ ದಾಖಲೆಗಳು ಮತ್ತು ಅಳಿದುಹೋದ ವೃತ್ತಿಗಳು. ಯಾವ ಗದ್ದೆ ಯಾರದು ಎಂದು ಹೇಳುವ ಭೂದಾಖಲೆ ಇಲ್ಲವಾಯಿತು. ಓದು ಕಲಿಸುವ ಮೇಷ್ಟ್ರುಗಳಲ್ಲಿ ಬಹುಪಾಲು ಜನ ಸತ್ತರು ಅಥವಾ ದೇಶ ಬಿಟ್ಟರು. ಇಡೀ ದೇಶದಲ್ಲಿ ಉಳಿದ ವೈದ್ಯರು ಸುಮಾರು ಐವತ್ತು ಮಂದಿ. ಇದರ ಮೇಲೆ ಇನ್ನೊಂದು ಶಿಕ್ಷೆಯೂ ಬಂತು. ವಿಯೆಟ್ನಾಂ ಬೆಂಬಲದ ಹೊಸ ಸರ್ಕಾರವನ್ನು ಪಶ್ಚಿಮದ ದೇಶಗಳು ಮತ್ತು ಚೀನಾ ಒಪ್ಪಲಿಲ್ಲ. ವಿಶ್ವಸಂಸ್ಥೆಯ ಸ್ಥಾನ ಖ್ಮೇರ್ ರೂಜ್ ಪ್ರತಿನಿಧಿಗಳ ಬಳಿಯೇ, ಆಮೇಲೆ ಅವರೂ ಸೇರಿದ್ದ ಒಕ್ಕೂಟದ ಬಳಿ, 1980ರ ದಶಕವಿಡೀ ಉಳಿಯಿತು. ವಿಯೆಟ್ನಾಂ ಬೆಂಬಲದ ಸರ್ಕಾರಕ್ಕೆ 1980ರಲ್ಲಿ ಮಾನ್ಯತೆ ಕೊಟ್ಟ ಕೆಲವೇ ದೇಶಗಳಲ್ಲಿ ಭಾರತವೂ ಒಂದು. ಮುಂದೆ ಅಂಕೋರ್ ವಾಟ್ ದೇಗುಲದ ಜೀರ್ಣೋದ್ಧಾರಕ್ಕೆ ನಮ್ಮ ಪುರಾತತ್ವ ಸರ್ವೇಕ್ಷಣಾ ಇಲಾಖೆಯನ್ನು ಕರೆದದ್ದಕ್ಕೆ ಹಿನ್ನೆಲೆಯೂ ಅದೇ. ದೊಡ್ಡ ಪ್ರಮಾಣದ ಅಭಿವೃದ್ಧಿ ನೆರವಿಲ್ಲದೆ ಆ ದೇಶ ಇನ್ನೊಂದು ದಶಕ ಕಳೆಯಿತು, ಗಡಿಯಲ್ಲಿ ಹೋರಾಟವೂ ಮುಂದುವರಿಯಿತು.

ಶಾಂತಿಗೆ ತೆತ್ತ ಬೆಲೆ

1991ರ ಅಕ್ಟೋಬರ್ 23ರ ಪ್ಯಾರಿಸ್ ಒಪ್ಪಂದದ ಬಳಿಕ ವಿಶ್ವಸಂಸ್ಥೆಯ ಉಸ್ತುವಾರಿಯಲ್ಲಿ 1993ರ ಮೇ ತಿಂಗಳಲ್ಲಿ ಚುನಾವಣೆ ನಡೆಯಿತು. ಗೆದ್ದದ್ದು ರಾಜವಂಶದ ಪಕ್ಷ. ಆದರೆ 1985ರಿಂದ ಪ್ರಧಾನಿಯಾಗಿದ್ದ ಹುನ್ ಸೆನ್ ಕುರ್ಚಿ ಬಿಡಲೊಪ್ಪದ್ದರಿಂದ ದೇಶಕ್ಕೆ ಇಬ್ಬರು ಪ್ರಧಾನಿಗಳು ಎಂಬ ವಿಚಿತ್ರ ವ್ಯವಸ್ಥೆ ಹುಟ್ಟಿತು. 1997ರ ಜುಲೈನಲ್ಲಿ ಬೀದಿಕಾಳಗದ ಮೂಲಕ ಹುನ್ ಸೆನ್ ಅದನ್ನೂ ಮುಗಿಸಿದರು. ಖ್ಮೇರ್ ರೂಜ್ ದಂಡನಾಯಕರನ್ನು ಮಾತ್ರ ಅವರು ಬಂದೂಕಿಗಿಂತ ಹೆಚ್ಚಾಗಿ ಒಡಂಬಡಿಕೆಯಿಂದ ಗೆದ್ದರು. ಶರಣಾದವರಿಗೆ ಪ್ರಾಣ, ಪದವಿ, ಆಸ್ತಿ ಮೂರಕ್ಕೂ ಅಭಯ ಸಿಗುತ್ತದೆ ಎಂಬುದು ಆ ನೀತಿಯ ತಿರುಳು. 1996ರಲ್ಲಿ ಖ್ಮೇರ್ ರೂಜ್‌ನ ಹಿರಿಯ ನಾಯಕ ಇಯೆಂಗ್ ಸಾರಿ ಪಕ್ಷಾಂತರ ಮಾಡಿದಾಗ ರತ್ನದ ಗಣಿಗಳೂ ಮರದ ಕಾಡುಗಳೂ ಇದ್ದ ಪೈಲಿನ್ ಪ್ರದೇಶ ಅವರ ಕಡೆಯವರ ಹಿಡಿತದಲ್ಲೇ ಉಳಿಯಿತು. 1998ರ ಏಪ್ರಿಲ್‌ನಲ್ಲಿ ಪೋಲ್ ಪಾಟ್ ಸತ್ತ. ಆ ವರ್ಷದ ಕೊನೆಗೆ ಯುದ್ಧವೂ ಮುಗಿಯಿತು.

ಇದನ್ನು ಸರ್ಕಾರ ತನ್ನ ಅತಿ ದೊಡ್ಡ ಸಾಧನೆ ಎನ್ನುತ್ತದೆ, ಅದರಲ್ಲಿ ಸತ್ಯವಿದೆ. ಮೂವತ್ತು ವರ್ಷ ರಕ್ತ ಹರಿದ ನಾಡಿನಲ್ಲಿ ಗುಂಡು ನಿಂತದ್ದು ಸಣ್ಣ ಸಂಗತಿಯಲ್ಲ. ಆದರೆ ಕಾಡು, ಗಣಿ, ನೆಲಗಳನ್ನು ನಿಷ್ಠೆಗೆ ಪ್ರತಿಯಾಗಿ ಹಂಚುವ ಪದ್ಧತಿ ಯುದ್ಧದ ಜೊತೆಗೇ ಮುಗಿಯಲಿಲ್ಲ. ಶಾಂತಿಕಾಲದ ಆಡಳಿತದ ರೀತಿಯೇ ಅದಾಯಿತು. ದೇಶದ ಬಹುಸಂಖ್ಯಾತರಾದ ಖ್ಮೇರ್ ಜನ ಇದನ್ನು ‘ಖ್ಸೇ’ ಎನ್ನುತ್ತಾರೆ. ಆ ಪದದ ನೇರ ಅರ್ಥ ದಾರ ಅಥವಾ ಹಗ್ಗ. ನಮ್ಮ ‘ವಶೀಲಿ’ಗೆ ಬಲು ಹತ್ತಿರದ್ದು. ಮೇಲಿನವನ ಕೈಯಲ್ಲಿ ದಾರದ ಒಂದು ತುದಿ, ಕೆಳಗಿನವನ ಕೈಯಲ್ಲಿ ಇನ್ನೊಂದು. ದಾರ ಹಿಡಿಯದವನಿಗೆ ಕಚೇರಿಯೂ ಇಲ್ಲ, ನ್ಯಾಯವೂ ಇಲ್ಲ.

ಭೂಮಿಯ ಕಾಗದ

1979ರ ನಂತರ ಗದ್ದೆಗಳನ್ನು ‘ಕ್ರೊಮ್ ಸಾಮಕ್ಕಿ’ ಎಂಬ ಒಗ್ಗಟ್ಟಿನ ಗುಂಪುಗಳು ಕೂಡಿ ಉಳುತ್ತಿದ್ದವು. ಬದುಕುಳಿದವರಲ್ಲಿ ವಿಧವೆಯರೇ ಹೆಚ್ಚಾಗಿದ್ದ ಹಳ್ಳಿಗಳಲ್ಲಿ ಎತ್ತು, ನೇಗಿಲು, ತೋಳುಬಲ ಎಲ್ಲಕ್ಕೂ ಬರವಿದ್ದುದರಿಂದ ಬೇರೆ ದಾರಿಯೂ ಇರಲಿಲ್ಲ. 1989ರಲ್ಲಿ ಖಾಸಗಿ ಒಡೆತನ ಮರಳಿತು. ಆದರೆ 1979ಕ್ಕೆ ಮುಂಚಿನ ಯಾವ ಹಕ್ಕನ್ನೂ ಸರ್ಕಾರ ಮಾನ್ಯ ಮಾಡಲಿಲ್ಲ. ನೆಲದ ಮೇಲೆ ಈಗ ಯಾರು ಕೂತಿದ್ದಾರೋ ಅವರದೇ ನೆಲ ಎಂಬುದು ಅಂದಿನ ಸೂತ್ರ. 1992 ಮತ್ತು 93ರಲ್ಲಿ ಥಾಯ್ಲೆಂಡ್ ಗಡಿಯ ಶಿಬಿರಗಳಿಂದ ಮೂರೂವರೆ ಲಕ್ಷಕ್ಕೂ ಹೆಚ್ಚು ನಿರಾಶ್ರಿತರು ಮರಳುವ ಹೊತ್ತಿಗೆ ಒಳ್ಳೆಯ ನೆಲವೆಲ್ಲ ಹಂಚಿಹೋಗಿತ್ತು. ತಡವಾಗಿ ಬಂದವರು ಸಿಡಿಗುಂಡು (ನೆಲಬಾಂಬು) ಹೂತಿದ್ದ ಕಾಡಂಚಿಗೆ ಹೋದರು, ಇಲ್ಲವೇ ಯಾರದೋ ಗದ್ದೆಗೆ ಕೂಲಿಗೆ ಹೋದರು.

2001ರ ಭೂ ಕಾಯ್ದೆ ಈ ಗೊಂದಲವನ್ನು ಬಿಡಿಸಬೇಕಿತ್ತು. ಐದು ವರ್ಷ ತಕರಾರಿಲ್ಲದೆ ಅನುಭವದಲ್ಲಿರುವವರಿಗೆ ಹಕ್ಕು ಕೊಡುವ ಅವಕಾಶವನ್ನು ಅದು ಮಾಡಿತು. ಅದೇ ಕಾಯ್ದೆ ‘ಆರ್ಥಿಕ ಭೂ ಗುತ್ತಿಗೆ’ ಎಂಬ ಹೆಸರಿನಲ್ಲಿ ಕಂಪನಿಗಳಿಗೆ ದೊಡ್ಡ ದೊಡ್ಡ ಪ್ರದೇಶಗಳನ್ನು ಕೊಡುವ ಬಾಗಿಲನ್ನೂ ತೆರೆಯಿತು. ರಬ್ಬರ್, ಕಬ್ಬು, ತಾಳೆಗಾಗಿ ಇಪ್ಪತ್ತು ಲಕ್ಷ ಹೆಕ್ಟೇರಿಗೂ ಹೆಚ್ಚು ನೆಲ ಹೀಗೆ ಹೋಯಿತು. ಕಾಗದವಿಲ್ಲದ ಸಾವಿರಾರು ರೈತರು ತಾವು ಉಳುತ್ತಿದ್ದ ನೆಲದಲ್ಲೇ ಅತಿಕ್ರಮಣಕಾರರಾದರು. ನಗರದಲ್ಲಿಯೂ ಇದೇ ನಡೆಯಿತು. ನಾಮ್‌ಪೆನ್‌ನ ಬೋಯೆಂಗ್ ಕಾಕ್ ಕೆರೆಯನ್ನು ಮರಳು ತುಂಬಿ ಮುಚ್ಚಿ, ಸುತ್ತಲಿನ ಮೂರು ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಎಬ್ಬಿಸಿದಾಗ ವಿಶ್ವಬ್ಯಾಂಕ್ 2011ರಲ್ಲಿ ಹೊಸ ಸಾಲವನ್ನೇ ನಿಲ್ಲಿಸಿತು. ಮರುವರ್ಷ ಮೇ ತಿಂಗಳಲ್ಲಿ ಹುನ್ ಸೆನ್ ಹೊಸ ಗುತ್ತಿಗೆಗಳಿಗೆ ತಡೆಯೊಡ್ಡಿ, ವಿದ್ಯಾರ್ಥಿ ಸ್ವಯಂಸೇವಕರನ್ನು ಹಳ್ಳಿಹಳ್ಳಿಗೆ ಕಳಿಸಿ ಭೂಮಿ ಅಳೆಸಿ ಹಕ್ಕುಪತ್ರ ಹಂಚಿಸಿದರು.

ಹಕ್ಕುಪತ್ರ ರೈತನನ್ನು ಕಾಪಾಡುತ್ತದೆ ಎಂಬುದು ಎಲ್ಲರ ಲೆಕ್ಕಾಚಾರವಾಗಿತ್ತು. ಕಂಪನಿಗಳಿಂದ ಅದು ಅನೇಕರನ್ನು ಕಾಪಾಡಿತು ಕೂಡ. ಆದರೆ ಹಕ್ಕುಪತ್ರಕ್ಕೆ ಇನ್ನೊಂದು ಗುಣವಿದೆ: ಅದನ್ನು ಅಡವಿಡಬಹುದು.

ಕಾಗದ ಅಡವಿಗೆ ಬಿದ್ದ ಬಗೆ

ಕಾಂಬೋಡಿಯಾದ ಕಿರುಸಾಲ ವ್ಯವಸ್ಥೆಯ ಮೂಲವೂ ಯುದ್ಧದಲ್ಲೇ ಇದೆ. ಇಂದು ದೇಶದ ಅತಿ ದೊಡ್ಡ ಬ್ಯಾಂಕುಗಳಲ್ಲೊಂದಾದ ಆಕ್ಲೀಡಾ 1993ರಲ್ಲಿ ಶುರುವಾದದ್ದು ಲಾಭರಹಿತ ಸಂಸ್ಥೆಯಾಗಿ. ಸೇನೆಯಿಂದ ಬಿಡುಗಡೆಯಾದವರು ಮತ್ತು ಶಿಬಿರಗಳಿಂದ ಮರಳಿದವರು ಸಣ್ಣ ಕಸುಬು ಹಿಡಿಯಲೆಂದು ಅಂತರರಾಷ್ಟ್ರೀಯ ಸಂಸ್ಥೆಗಳು ಅದನ್ನು ಹುಟ್ಟುಹಾಕಿದವು. ಬಡ್ಡಿ ವ್ಯಾಪಾರವನ್ನು ಖ್ಮೇರ್ ಭಾಷೆಯಲ್ಲಿ ‘ಚಾಂಗ್ ಕಾರ್’ ಎನ್ನುತ್ತಾರೆ; ‘ಚಾಂಗ್’ ಎಂದರೆ ಕಟ್ಟಿಹಾಕು. ಊರ ಸಾಹುಕಾರನ ಆ ಕಟ್ಟಿನಿಂದ ಬಿಡಿಸುವುದೇ ಕಿರುಸಾಲದ ಉದ್ದೇಶವಾಗಿತ್ತು, ಮೊದಲ ವರ್ಷಗಳಲ್ಲಿ ಆ ಕೆಲಸವನ್ನು ಅದು ಮಾಡಿತು.

ಮುಂದೆ ಆದದ್ದನ್ನು ಹಂತಹಂತವಾಗಿ ನೋಡಬೇಕು. ಮೊದಲನೆಯದಾಗಿ, ದತ್ತಿ ಹಣದ ಜಾಗಕ್ಕೆ ವಿದೇಶಿ ಬಂಡವಾಳ ಬಂತು. ಯುರೋಪಿನ ಅಭಿವೃದ್ಧಿ ನಿಧಿಗಳಿಂದ ಹಿಡಿದು ಏಷ್ಯಾದ ವಾಣಿಜ್ಯ ಬ್ಯಾಂಕುಗಳವರೆಗೆ ಎಲ್ಲರಿಗೂ ಈ ಮಾರುಕಟ್ಟೆ ಹಿಡಿಸಿತು. ಏಕೆಂದರೆ ಸಾಲದ ಬಹುಪಾಲು ಡಾಲರಿನಲ್ಲೇ ನಡೆಯುತ್ತಿದ್ದುದರಿಂದ ನಾಣ್ಯದ ಬೆಲೆ ಕುಸಿಯುವ ಭಯ ಹೂಡಿಕೆದಾರರಿಗೆ ಇರಲಿಲ್ಲ. ಡಾಲರಿನ ಈ ರೂಢಿಯೂ, ಖ್ಮೇರ್ ರೂಜ್ ಹಣವನ್ನೇ ರದ್ದುಮಾಡಿ ದೇಶದ ನಾಣ್ಯವಾದ ರಿಯೆಲ್ ಮೇಲಿನ ನಂಬಿಕೆಯನ್ನು ಬುಡಮೇಲು ಮಾಡಿದ್ದರ ಮತ್ತು 1992–93ರಲ್ಲಿ ವಿಶ್ವಸಂಸ್ಥೆಯ ಸಿಬ್ಬಂದಿ ತಂದ ಡಾಲರಿನ ಹೊಳೆಯ ಕೂಡುಫಲ. ಎರಡನೆಯದಾಗಿ, ಭದ್ರತೆಗೆ ಭೂಮಿಯ ಕಾಗದ ಸಿಕ್ಕಿತು. ಮೂರನೆಯದಾಗಿ, 2017ರಲ್ಲಿ ಕೇಂದ್ರ ಬ್ಯಾಂಕು ಕಿರುಸಾಲದ ಬಡ್ಡಿಗೆ ವರ್ಷಕ್ಕೆ ಶೇ 18ರ ಮಿತಿ ಹಾಕಿತು. ಸಾಲಗಾರನಿಗೆ ಒಳ್ಳೆಯದಾಗಲೆಂದು ತಂದ ಈ ನಿಯಮದಿಂದ ಸಣ್ಣ ಸಾಲ ಕೊಡುವುದು ಸಂಸ್ಥೆಗಳಿಗೆ ಗಿಟ್ಟದಂತಾಗಿ, ದೊಡ್ಡ ಮೊತ್ತದ, ದೀರ್ಘ ಅವಧಿಯ ಸಾಲಗಳತ್ತ ಅವು ವಾಲಿದವು. ಸೇವಾ ಶುಲ್ಕಗಳೂ ಸೇರಿಕೊಂಡವು. ಇಂದು ಸರಾಸರಿ ಕಿರುಸಾಲದ ಮೊತ್ತ ನಾಲ್ಕು ಸಾವಿರ ಡಾಲರ್ ದಾಟಿದೆ. ಅದು ದೇಶದ ತಲಾ ವಾರ್ಷಿಕ ಆದಾಯಕ್ಕಿಂತ ಹೆಚ್ಚು. ‘ಕಿರು’ ಎಂಬ ವಿಶೇಷಣ ಹೆಸರಿಗಷ್ಟೇ ಉಳಿದಿದೆ.

ಕರ್ನಾಟಕದ ಓದುಗರಿಗೆ ಮೈಕ್ರೋಫೈನಾನ್ಸ್ ಹಾವಳಿ ಹೊಸದಲ್ಲ. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತರಬೇಕಾಯಿತು. ಆದರೆ ಎರಡೂ ಕಡೆಯ ಒತ್ತಡದ ಬಗೆ ಬೇರೆ. ನಮ್ಮಲ್ಲಿ ರಿಸರ್ವ್ ಬ್ಯಾಂಕಿನ ನಿಯಮದಂತೆ ಮೈಕ್ರೋಫೈನಾನ್ಸ್ ಸಾಲಕ್ಕೆ ಅಡಮಾನ ಪಡೆಯುವಂತಿಲ್ಲ. ಆದ್ದರಿಂದ ಒತ್ತಡ ಗುಂಪಿನ ಹೆಂಗಸರಿಂದ, ಮನೆ ಬಾಗಿಲಿಗೆ ಬರುವ ವಸೂಲಿಗಾರನಿಂದ, ಮರ್ಯಾದೆಯ ಭಯದಿಂದ ಬರುತ್ತದೆ. ಕಾಂಬೋಡಿಯಾದಲ್ಲಿ ವಸೂಲಿಗಾರ ದನಿ ಎತ್ತಬೇಕಾಗಿಯೇ ಇಲ್ಲ. ಹಕ್ಕುಪತ್ರ ಸಂಸ್ಥೆಯ ಪೆಟ್ಟಿಗೆಯಲ್ಲಿರುತ್ತದೆ. ‘ಹೊಲ ಮಾರಿ ಕಟ್ಟಿ’ ಎಂಬ ಸೂಚನೆ ಸಾಕು; ನ್ಯಾಯಾಲಯಕ್ಕೆ ಹೋಗುವ ಮುಂಚೆಯೇ ಕುಟುಂಬ ತಾನಾಗಿ ನೆಲ ಮಾರುತ್ತದೆ. ಹೀಗೆ ಮಾರಿದ್ದು ಯಾವ ಜಪ್ತಿಯ ಲೆಕ್ಕದಲ್ಲೂ ಕಾಣುವುದಿಲ್ಲ.

ಸಂಸ್ಥೆಗಳು ತಮ್ಮ ಸಮರ್ಥನೆಗೆ ಬಹಳ ಕಾಲ ಮುಂದಿಟ್ಟದ್ದು ವಸೂಲಾಗದ ಸಾಲದ ಪ್ರಮಾಣ ತೀರಾ ಕಡಿಮೆ ಎಂಬ ಅಂಶವನ್ನು. ಸಾಲ ಭಾರವಾಗಿದ್ದರೆ ಜನ ಹೇಗೆ ಕಟ್ಟುತ್ತಿದ್ದರು ಎಂದು ಅವು ಕೇಳುತ್ತವೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ನೆಲ ಉಳಿಸಿಕೊಳ್ಳಬೇಕಾದವನು ಹೊಟ್ಟೆ ಕಟ್ಟಿಯಾದರೂ ಕಂತು ಕಟ್ಟುತ್ತಾನೆ: ಊಟದಲ್ಲಿ ಮೀನು ಬಿಡುತ್ತಾನೆ, ಮಗಳ ಶಾಲೆ ಬಿಡಿಸಿ ಗಾರ್ಮೆಂಟ್ಸಿಗೆ ಕಳಿಸುತ್ತಾನೆ, ಸಂಸ್ಥೆಯ ಕಂತಿಗೆ ಮತ್ತೆ ಊರ ಸಾಹುಕಾರನ ಬಳಿಯೇ ಕೈಚಾಚುತ್ತಾನೆ. ಅಷ್ಟೂ ಸಾಲದೆ ಹೋದಾಗ ಗಡಿ ದಾಟುತ್ತಾನೆ. ನಾಮ್‌ಪೆನ್ ಸುತ್ತಲಿನ ಇಟ್ಟಿಗೆ ಗೂಡುಗಳಲ್ಲಿ ಇದರ ಕೊನೆಯ ರೂಪ ಕಾಣುತ್ತದೆ. ಹೊರಗಿನ ಸಾಲವನ್ನೆಲ್ಲ ಗೂಡಿನ ಮಾಲೀಕನೇ ತೀರಿಸುತ್ತಾನೆ, ಬದಲಿಗೆ ಇಡೀ ಕುಟುಂಬ ಅವನಲ್ಲೇ ಬಿದ್ದಿರುತ್ತದೆ. ಅದನ್ನು ಜೀತವೆಂದು ಕರೆಯಲು ಹಿಂಜರಿಯಬೇಕಿಲ್ಲ. 2022ರಲ್ಲಿ ಅಲ್ಲಿನ ಮಾನವ ಹಕ್ಕು ಸಂಘಟನೆಗಳು ಈ ಸಾಲಸಂಸ್ಥೆಗಳಿಗೆ ಹಣ ಹೂಡಿದ ವಿಶ್ವಬ್ಯಾಂಕ್ ಸಮೂಹದ ಅಂಗಸಂಸ್ಥೆಯ ವಿರುದ್ಧವೇ ಅದರ ಆಂತರಿಕ ದೂರು ವಿಭಾಗಕ್ಕೆ ಮೊರೆಹೋದವು.

ವೈದ್ಯನಿಲ್ಲದ ಊರು, ಮೇಷ್ಟ್ರಿಲ್ಲದ ಶಾಲೆ

ಸಾಲವೇಕೆ ಬೇಕಾಗುತ್ತದೆ ಎಂಬ ಪ್ರಶ್ನೆ ಮತ್ತೆ ಯುದ್ಧದತ್ತ ಒಯ್ಯುತ್ತದೆ. ಕಾಂಬೋಡಿಯಾದಲ್ಲಿ ಆರೋಗ್ಯಕ್ಕೆ ಆಗುವ ಒಟ್ಟು ವೆಚ್ಚದ ಅರ್ಧಕ್ಕಿಂತ ಹೆಚ್ಚನ್ನು ಜನ ತಮ್ಮ ಜೇಬಿನಿಂದ ಕೊಡುತ್ತಾರೆ. ವೈದ್ಯರ ಒಂದು ಇಡೀ ಪೀಳಿಗೆ ಅಳಿದ ಮೇಲೆ ಹಳ್ಳಿಗಳಲ್ಲಿ ಆ ಜಾಗವನ್ನು ತುಂಬಿದವರು ಪರವಾನಗಿಯಿಲ್ಲದ ‘ಪೇಟ್’ಗಳು. ಈ ಖ್ಮೇರ್ ಪದ ನಮ್ಮ ‘ವೈದ್ಯ’ದ್ದೇ ಸವೆದ ರೂಪ. ಬತ್ತಂಬಾಂಗ್ ಪ್ರಾಂತ್ಯದ ರೋಕಾ ಎಂಬಲ್ಲಿ 2014ರ ಕೊನೆಗೆ ಇನ್ನೂರಕ್ಕೂ ಹೆಚ್ಚು ಜನರಲ್ಲಿ ಎಚ್‌ಐವಿ ಸೋಂಕು ಪತ್ತೆಯಾಯಿತು. ಶಿಶುಗಳಿಂದ ವೃದ್ಧರವರೆಗೆ ಎಲ್ಲರಿಗೂ ಅದು ತಗುಲಿದ್ದು ಇಂಥ ಒಬ್ಬ ಪರವಾನಗಿರಹಿತ ವೈದ್ಯ ಸೂಜಿಗಳನ್ನು ಮತ್ತೆ ಮತ್ತೆ ಬಳಸಿದ್ದರಿಂದ. ಊರವರು ಅವನನ್ನು ನಂಬಿದ್ದರು, ಏಕೆಂದರೆ ಕರೆದಾಗ ಬರುತ್ತಿದ್ದವನು, ಹಣ ಇಲ್ಲದಾಗ ಕಾಯುತ್ತಿದ್ದವನು ಅವನೊಬ್ಬನೇ.

ಶಾಲೆಗಳ ಕಥೆಯೂ ಇದಕ್ಕಿಂತ ದೂರದ್ದಲ್ಲ. 1979ರ ಬಳಿಕ ಓದುಬರಹ ಬಲ್ಲವರೆಲ್ಲ ಮೇಷ್ಟ್ರಾದರು. ಸಂಬಳ ಹೊಟ್ಟೆಗೆ ಸಾಲದ್ದರಿಂದ ಮಕ್ಕಳಿಂದ ದಿನವೂ ಚಿಲ್ಲರೆ ಕಾಸು ಪಡೆಯುವ, ಪರೀಕ್ಷೆಯ ಉತ್ತರ ಮಾರುವ ರೂಢಿ ಬೇರೂರಿತು. 2014ರಲ್ಲಿ ಹೊಸ ಶಿಕ್ಷಣ ಸಚಿವ ಹಾಂಗ್ ಚುವೋನ್ ನಾರೋನ್ ಪ್ರೌಢಶಾಲೆಯ ಅಂತಿಮ ಪರೀಕ್ಷೆಯಲ್ಲಿ ನಕಲನ್ನು ನಿಜವಾಗಿ ತಡೆದಾಗ, ಹಿಂದಿನ ವರ್ಷ ಶೇ 87ರಷ್ಟಿದ್ದ ಉತ್ತೀರ್ಣರ ಪ್ರಮಾಣ ಒಮ್ಮೆಲೇ ಶೇ 26ರ ಆಸುಪಾಸಿಗೆ ಕುಸಿಯಿತು. ಮೂವತ್ತೈದು ವರ್ಷ ಮುಚ್ಚಿಟ್ಟ ಕೊರತೆ ಒಂದೇ ಫಲಿತಾಂಶದಲ್ಲಿ ಬಯಲಾಯಿತು. ನಂತರದ ವರ್ಷಗಳಲ್ಲಿ ಅದು ನಿಧಾನವಾಗಿ ಏರಿರುವುದನ್ನೂ ಹೇಳಬೇಕು. ಹಾಗೆಯೇ ಐದು ವರ್ಷದೊಳಗಿನ ಕುಂಠಿತ ಬೆಳವಣಿಗೆಯ ಮಕ್ಕಳ ಪ್ರಮಾಣ 2014ರಲ್ಲಿ ಶೇ 32 ಇದ್ದದ್ದು 2021–22ರ ಹೊತ್ತಿಗೆ ಶೇ 22ಕ್ಕೆ ಇಳಿದಿದೆ. ಏನೂ ಬದಲಾಗಿಲ್ಲ ಎನ್ನುವವರು ಈ ಅಂಕಿಗಳನ್ನೂ ನೋಡಬೇಕು.

ನೆಲದಡಿಯ ಯುದ್ಧ

ಬಾಂತೇಯ್ ಮೀನ್‌ಚೇಯ್, ಬತ್ತಂಬಾಂಗ್, ಒಡ್ಡಾರ್ ಮೀನ್‌ಚೇಯ್ ಮುಂತಾದ ವಾಯವ್ಯದ ಪ್ರಾಂತ್ಯಗಳಲ್ಲಿ ಯುದ್ಧ ಎಲ್ಲಕ್ಕಿಂತ ತಡವಾಗಿ ಮುಗಿಯಿತು. 1980ರ ದಶಕದ ಮಧ್ಯದಲ್ಲಿ ಥಾಯ್ ಗಡಿಯುದ್ದಕ್ಕೂ ‘ಕೆ5’ ಎಂಬ ಯೋಜನೆಯಡಿ ಸಿಡಿಗುಂಡುಗಳ ಬೇಲಿಯೇ ಎದ್ದಿತು. ಅದನ್ನು ಹೂಳಲು ಬಲವಂತವಾಗಿ ಕರೆದೊಯ್ದ ರೈತರಲ್ಲಿ ಅನೇಕರು ಮಲೇರಿಯಾದಿಂದ ಸತ್ತರು. 1979ರಿಂದೀಚೆಗೆ ಇಂಥ ಸಿಡಿಗುಂಡು ಮತ್ತು ಸಿಡಿಯದೆ ಉಳಿದ ಮದ್ದುಗುಂಡುಗಳಿಂದ ಸುಮಾರು 20 ಸಾವಿರ ಜನ ಸತ್ತು, 45 ಸಾವಿರ ಜನ ಗಾಯಗೊಂಡಿದ್ದಾರೆ. ಈಗ ವರ್ಷದ ಸಂಖ್ಯೆ ಎರಡಂಕಿಗೆ ಇಳಿದಿದೆ. ತೆರವು ಕಾರ್ಯದಲ್ಲಿ ಕಾಂಬೋಡಿಯನ್ನರು ಜಗತ್ತಿಗೇ ಪರಿಣತಿ ಕಲಿಸುವ ಮಟ್ಟ ತಲುಪಿದ್ದಾರೆ. ಅದಕ್ಕಾಗಿಯೇ 2025ರಲ್ಲಿ ಥಾಯ್ ಸೈನಿಕರು ಗಡಿಯಲ್ಲಿ ಕಾಲು ಕಳೆದುಕೊಂಡಾಗ ಎದ್ದ ಆರೋಪ ಇಷ್ಟು ಕಹಿಯಾಯಿತು. ಅವು ಹೊಸದಾಗಿ ಹೂತವು ಎಂದಿತು ಥಾಯ್ಲೆಂಡ್. ಹಳೆಯ ಯುದ್ಧದ ಉಳಿಕೆ ಎಂದಿತು ಕಾಂಬೋಡಿಯಾ. ಗಡಿ ದಾಟಿ ಕೂಲಿಗೆ ಹೋಗುವವರಲ್ಲಿ ದೊಡ್ಡ ಪಾಲು ಇದೇ ವಾಯವ್ಯ ಭಾಗದವರು ಎಂಬುದನ್ನು ಮರೆಯುವಂತಿಲ್ಲ. ತಡವಾಗಿ ಸಿಕ್ಕ ನೆಲ, ಸಿಡಿಗುಂಡಿನ ನೆಲ, ನೀರಾವರಿಯಿಲ್ಲದ ನೆಲ, ಕೊನೆಗೆ ಅಡವಿಗೆ ಬಿದ್ದ ನೆಲ ಎಲ್ಲವೂ ಒಂದೇ ನಕ್ಷೆಯ ಮೇಲಿವೆ.

ಮನಸ್ಸಿನ ಗಾಯ ಎಂಬ ವಿವರಣೆ

ಖ್ಮೇರ್ ಸಮಾಜವನ್ನು ಕುರಿತ ಚರ್ಚೆಯಲ್ಲಿ ಇನ್ನೊಂದು ವಾದ ಪದೇಪದೇ ಬರುತ್ತದೆ: ಜನ ಒಬ್ಬರನ್ನೊಬ್ಬರು ನಂಬುವುದಿಲ್ಲ, ಅಧಿಕಾರದೆದುರು ತಲೆ ತಗ್ಗಿಸುತ್ತಾರೆ, ಏಕೆಂದರೆ ನರಮೇಧ ಅವರ ಮನಸ್ಸನ್ನೇ ಮುರಿದಿದೆ. ಇದಕ್ಕೆ ಅವರದೇ ಭಾಷೆಯಲ್ಲಿ ‘ಬಾಕ್ ಸ್ಬಾತ್’ ಎಂಬ ಹೆಸರಿದೆ. ಧೈರ್ಯ ಮುರಿದುಹೋದ ಸ್ಥಿತಿ ಎಂದು ಅದರ ಭಾವ. ಅಲ್ಲಿನ ಮನೋವೈದ್ಯರು ಅದನ್ನು ಗಂಭೀರವಾಗಿ ಅಧ್ಯಯನ ಮಾಡಿದ್ದಾರೆ. ಖ್ಮೇರ್ ರೂಜ್ ಕಾಲದಲ್ಲಿ ಬಲವಂತದ ಮದುವೆಗಳು ವ್ಯಾಪಕವಾಗಿದ್ದವು ಮತ್ತು ಅವು ಅಪರಾಧವೆಂದು, ಖ್ಮೇರ್ ರೂಜ್ ನಾಯಕರ ವಿಚಾರಣೆಗೆ ವಿಶ್ವಸಂಸ್ಥೆಯ ನೆರವಿನಿಂದ ರಚಿಸಿದ್ದ ವಿಶೇಷ ನ್ಯಾಯಮಂಡಳಿ 2018ರಲ್ಲಿ ತೀರ್ಪಿತ್ತಿತು. ಆ ದಾಂಪತ್ಯಗಳಲ್ಲಿ ಅನೇಕವು ಇಂದಿಗೂ ಮುಂದುವರಿದಿವೆ. ಸತ್ತವರಿಗೆ ಸಂಸ್ಕಾರ ಮಾಡಲಾಗದ ಕೊರಗನ್ನು ಪ್ರತಿವರ್ಷ ‘ಪ್ಚುಮ್ ಬೆನ್’ ಹಬ್ಬದಲ್ಲಿ ಅನ್ನದ ಉಂಡೆ ಎಸೆದು ತೀರಿಸಿಕೊಳ್ಳುತ್ತಾರೆ. ‘ಬೆನ್’ ಎಂದರೆ ಪಿಂಡ. ತಿಂಗಳ ಹೆಸರು ಭಾದ್ರಪದದ್ದೇ ಖ್ಮೇರ್ ರೂಪ. ನಮ್ಮ ಪಿತೃಪಕ್ಷ ಬರುವುದೂ ಆ ಹೊತ್ತಿಗೇ.

ಆದರೂ ಈ ವಿವರಣೆಯನ್ನು ಹೆಚ್ಚು ಎಳೆಯಬಾರದು. ಆ ದೇಶದ ಅರ್ಧಕ್ಕಿಂತ ಹೆಚ್ಚು ಜನ ಮೂವತ್ತರೊಳಗಿನವರು, ಪೋಲ್ ಪಾಟನ ಆಡಳಿತದ ನಂತರ ಹುಟ್ಟಿದವರು. 2013ರ ಚುನಾವಣೆಯ ಬಳಿಕ ಅವರು ದೊಡ್ಡ ಸಂಖ್ಯೆಯಲ್ಲಿ ಬೀದಿಗಿಳಿದರು. 2014ರ ಜನವರಿಯಲ್ಲಿ ವೇತನಕ್ಕಾಗಿ ಹೋರಾಡಿದ ಗಾರ್ಮೆಂಟ್ಸ್ ಕಾರ್ಮಿಕರ ಮೇಲೆ ಗುಂಡು ಹಾರಿತು. 2017ರ ನವೆಂಬರ್‌ನಲ್ಲಿ ಪ್ರಮುಖ ವಿರೋಧ ಪಕ್ಷವನ್ನೇ ನ್ಯಾಯಾಲಯ ವಿಸರ್ಜಿಸಿತು. ಮರುವರ್ಷ ಆಳುವ ಪಕ್ಷ ಎಲ್ಲ 125 ಸ್ಥಾನಗಳನ್ನೂ ಗೆದ್ದಿತು. ಇಷ್ಟಾದ ಮೇಲೆ ಬಂದ ಮೌನಕ್ಕೆ 1975ರ ಭಯವನ್ನು ಕಾರಣ ಹೇಳುವುದು ಆಳುವವರಿಗೆ ಅನುಕೂಲಕರ. ನ್ಯಾಯಮಂಡಳಿಯೂ ಹದಿನಾರು ವರ್ಷ, 33 ಕೋಟಿ ಡಾಲರಿಗೂ ಹೆಚ್ಚು ಖರ್ಚಿನ ಬಳಿಕ 2022ರಲ್ಲಿ ಕೆಲಸ ಮುಗಿಸಿದಾಗ ಶಿಕ್ಷೆಯಾದದ್ದು ಮೂವರಿಗೆ ಮಾತ್ರ. ಮಧ್ಯಮ ಹಂತದ ಅಪರಾಧಿಗಳನ್ನು ಮುಟ್ಟಿದರೆ ಮತ್ತೆ ಅಂತರ್ಯುದ್ಧವಾದೀತು ಎಂದು ಸರ್ಕಾರ ಹೇಳುತ್ತ ಬಂದಿತ್ತು.

ಎರಡು ವಾದಗಳು

ಸರ್ಕಾರದ ದೃಷ್ಟಿಯಲ್ಲಿ ಬಡತನ ಇತಿಹಾಸದ ಬಳುವಳಿ, ಬೆಳವಣಿಗೆ ಶಾಂತಿಯ ಫಲ. ಎಂಟು ಲಕ್ಷಕ್ಕೂ ಹೆಚ್ಚು ಜನರಿಗೆ, ಅದರಲ್ಲೂ ಹಳ್ಳಿಯ ಹೆಣ್ಣುಮಕ್ಕಳಿಗೆ, ಬಟ್ಟೆ ಮತ್ತು ಪಾದರಕ್ಷೆ ಕಾರ್ಖಾನೆಗಳು ಕೊಟ್ಟ ಉದ್ಯೋಗವೇ ಅದಕ್ಕೆ ಸಾಕ್ಷಿ. ಸ್ಥಿರತೆ ಕೆಡಿಸುವ ರಾಜಕೀಯ ಆ ಫಲವನ್ನೇ ಕಿತ್ತುಕೊಳ್ಳುತ್ತದೆ ಎಂದು ಅದು ಎಚ್ಚರಿಸುತ್ತದೆ. ಟೀಕಾಕಾರರ ಪ್ರಕಾರ ಯುದ್ಧ ಖಾಲಿ ಮಾಡಿದ ಜಾಗವನ್ನು ಕಾನೂನು ತುಂಬಲಿಲ್ಲ, ‘ಖ್ಸೇ’ ತುಂಬಿತು. ಬಡತನ ಯುದ್ಧದಿಂದ ಬಂದರೂ ಅದು ಉಳಿದದ್ದು ಶಾಂತಿಯನ್ನು ಕಟ್ಟಿದ ರೀತಿಯಿಂದ. 2019–20ರ ಸಮೀಕ್ಷೆಯಂತೆ ಶೇ 18ರಷ್ಟು ಜನ ಬಡತನರೇಖೆಯ ಕೆಳಗಿದ್ದರು. ರೇಖೆಯಿಂದ ಕೊಂಚ ಮೇಲಿರುವವರು ಒಂದು ಕಾಯಿಲೆ, ಒಂದು ಬರಗಾಲ, ಈಗ ಒಂದು ಗಡಿಕಾಳಗದಿಂದ ಕೆಳಗೆ ಜಾರುತ್ತಾರೆ.

ಈ ಲೇಖಕನಿಗೆ ಎರಡನೆಯ ವಾದವೇ ಹೆಚ್ಚು ಗಟ್ಟಿಯಾಗಿ ಕಾಣುತ್ತದೆ. ಭೂದಾಖಲೆಯ ನಾಶ ಯುದ್ಧದ ಕೆಲಸ; ಆದರೆ ಯಾರ ನೆಲ ಕಂಪನಿಗೆ ಹೋಗಬೇಕು, ಯಾವ ಕಾಗದ ಅಡವಾಗಬಹುದು ಎಂಬ ತೀರ್ಮಾನಗಳು 2001ರ ನಂತರದವು, ನಾಮ್‌ಪೆನ್‌ನಲ್ಲಿ ಮತ್ತು ಹೂಡಿಕೆದಾರರ ರಾಜಧಾನಿಗಳಲ್ಲಿ ಆದವು.

ಮುಂದೆ ಏನಾಗಬಹುದು

ಮರಳಿದವರ ಪಾಲಿಗೆ ದಾರಿಗಳು ಕಡಿಮೆ. ಗಾರ್ಮೆಂಟ್ಸ್ ಕಾರ್ಖಾನೆಗಳ ಕನಿಷ್ಠ ವೇತನ 2026ಕ್ಕೆ ತಿಂಗಳಿಗೆ 210 ಡಾಲರ್. ಆದರೆ ಅಮೆರಿಕ 2025ರ ಏಪ್ರಿಲ್‌ನಲ್ಲಿ ಶೇ 49ರ ಸುಂಕ ಘೋಷಿಸಿ, ಆಮೇಲೆ ಶೇ 19ಕ್ಕೆ ಇಳಿಸಿದ ಹಗ್ಗಜಗ್ಗಾಟದ ನಡುವೆ ಕಾರ್ಖಾನೆಗಳು ಹೊಸದಾಗಿ ಇಷ್ಟು ಜನರನ್ನು ತೆಗೆದುಕೊಳ್ಳುವುದು ಕಷ್ಟ. 2029ರಲ್ಲಿ ಹಿಂದುಳಿದ ದೇಶವೆಂಬ ಪಟ್ಟ ಹೋದರೆ ಯುರೋಪಿನ ಮಾರುಕಟ್ಟೆಯ ರಿಯಾಯಿತಿಯೂ ಕ್ರಮೇಣ ಹೋಗುತ್ತದೆ.

ಇನ್ನೊಂದು ದಾರಿ ಕತ್ತಲೆಯದು. ಸಿಹಾನೂಕ್‌ವಿಲ್ ಮತ್ತು ಗಡಿಯ ಪೊಯ್ಪೆಟ್‌ನಂಥ ಊರುಗಳ ಜೂಜುಕಟ್ಟೆಗಳು ಆನ್‌ಲೈನ್ ವಂಚನೆಯ ಕೋಟೆಗಳಾದದ್ದು ಜಗತ್ತಿಗೆ ಗೊತ್ತು. ಅವುಗಳಲ್ಲಿ ಕನಿಷ್ಠ ಒಂದು ಲಕ್ಷ ಜನ ಬಲವಂತಕ್ಕೆ ಸಿಕ್ಕಿದ್ದಾರೆಂದು ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ 2023ರಲ್ಲಿ ಅಂದಾಜಿಸಿತ್ತು. ಉದ್ಯೋಗದ ಆಮಿಷಕ್ಕೆ ಬಿದ್ದು ಹೋದ ಭಾರತೀಯರಲ್ಲಿ ಸುಮಾರು 250 ಮಂದಿಯನ್ನು ಬಿಡಿಸಿರುವುದಾಗಿ ನಮ್ಮ ವಿದೇಶಾಂಗ ಸಚಿವಾಲಯ 2024ರಲ್ಲಿ ಹೇಳಿತು. ಹೊರದೇಶದವರ ಮೇಲೆ ಬೆಳಕು ಬೀಳುತ್ತಿದೆ. ಸಾಲದ ಒತ್ತಡದಲ್ಲಿರುವ ಸ್ಥಳೀಯ ಯುವಕರು ಅಲ್ಲಿ ಕಾವಲಿಗೆ, ಅಡುಗೆಗೆ, ಕೊನೆಗೆ ಫೋನಿನ ಮುಂದೆ ಕೂರುವುದು ಸುದ್ದಿಯಾಗುವುದು ಅಪರೂಪ.

ಸಾಲಸಂಸ್ಥೆಗಳಿಗೂ ನೆಮ್ಮದಿಯಿಲ್ಲ. ಕೋವಿಡ್ ಕಾಲದಲ್ಲಿ ಕಂತು ಮುಂದೂಡಿದ್ದ ಸಾಲಗಳೇ ಪೂರ್ತಿ ಚೇತರಿಸಿಕೊಳ್ಳುವ ಮೊದಲು ಇನ್ನೊಂದು ಸುತ್ತಿನ ಮುಂದೂಡಿಕೆ ಬಂದಿದೆ. ಮುಂದೂಡಿದ ಕಂತಿಗೂ ಬಡ್ಡಿ ಸೇರುತ್ತದೆ. ಎಲ್ಲರೂ ಒಟ್ಟಿಗೆ ಹೊಲ ಮಾರಲು ಹೊರಟರೆ ಹೊಲದ ಬೆಲೆ ಬೀಳುತ್ತದೆ, ಆಗ ಮಾರಿದರೂ ಸಾಲ ತೀರುವುದಿಲ್ಲ. ವಸೂಲಿಯ ನಿಯಮ ಬಿಗಿಗೊಳಿಸುವುದು, ವಾಸದ ಮನೆ ಮತ್ತು ಒಂದಿಷ್ಟು ಉಳುಮೆಯ ನೆಲವನ್ನು ಅಡಮಾನದಿಂದ ಹೊರಗಿಡುವುದು, ಬಡ ಕುಟುಂಬಗಳನ್ನು ಗುರುತಿಸುವ ‘ಐಡಿ ಪೂರ್’ ಪಟ್ಟಿಯ ಮೂಲಕ 2020ರಿಂದ ಹೋಗುತ್ತಿರುವ ನಗದು ನೆರವನ್ನು ಮರಳಿದವರಿಗೂ ವಿಸ್ತರಿಸುವುದು ಸಾಧ್ಯವಿರುವ ಕ್ರಮಗಳು. ಮೊದಲ ಎರಡಕ್ಕೆ ಸಾಲ ಕೊಡುವವರ ವಿರೋಧವಿದೆ: ಅಡಮಾನವಿಲ್ಲದಿದ್ದರೆ ಬಡವನಿಗೆ ಸಾಲವೇ ಸಿಗದೆ ಅವನು ಮತ್ತೆ ಸಾಹುಕಾರನ ಬಳಿಗೆ ಹೋಗುತ್ತಾನೆ ಎಂಬ ಅವರ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ.

2014ರ ಜೂನ್‌ನಲ್ಲಿ, ಥಾಯ್ಲೆಂಡಿನಲ್ಲಿ ಸೇನಾ ಕ್ರಾಂತಿಯಾದ ಬಳಿಕ, ಎರಡು ಲಕ್ಷಕ್ಕೂ ಹೆಚ್ಚು ಕಾಂಬೋಡಿಯನ್ನರು ಹೀಗೆಯೇ ಪೊಯ್ಪೆಟ್ ಮೂಲಕ ಓಡಿಬಂದಿದ್ದರು. ಅಂದು ಗಡಿ ತೆರೆದೇ ಇದ್ದುದರಿಂದ ಅವರಲ್ಲಿ ಬಹಳಷ್ಟು ಜನ ಕೆಲವೇ ತಿಂಗಳಲ್ಲಿ ಮತ್ತೆ ಆಚೆ ದಾಟಿದರು. ಈಗ ಮುಖ್ಯ ದ್ವಾರಗಳು 2025ರ ಜೂನ್‌ನಿಂದ ಮುಚ್ಚಿವೆ. ತೆರೆದಿರುವುದು ಕಾಡಿನೊಳಗಿನ ಕಾಲುದಾರಿಗಳು, ಮತ್ತು ಅವು ಹಾದುಹೋಗುವುದು ಕೆ5 ಬೇಲಿಯ ನೆಲದ ಮೇಲೆ.